ಮಾಮಾನ ಡೇಟಾಬೇಸಿನಲ್ಲಿ ಅವ್ವ

ನಮ್ಮ ಸೋದರಮಾವನಿಗೆ ಹುಚ್ಚು ಹಿಡಿದಿದೆ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಹುಚ್ಚು ಅವನನ್ನು ಹಿಡಿದಿಲ್ಲ. ಅವನೇ ಹುಚ್ಚನ್ನು ಹಿಡಿದುಕೊಂಡಿದ್ದಾನೆ! ಪಾಪ, ಬಿಡಿಸಿಕೊಂಡು ಹೋಗಲು ಅದೂ ಸಾಕಷ್ಟು ಸಲ ನೋಡಿತು, ಮಾಮಾ ಬಿಡಲಿಲ್ಲ. ಬೇರೆಯವರ ಸೋದರಮಾವಂದಿರು ಎತ್ತು ಹೋಲಿಸುತ್ತಾರೆ, ಹೊಲ ಹೋಲಿಸುತ್ತಾರೆ, ಏನೂ ಸಿಗದಿದ್ದರೆ ಅಳಿಯಂದಿರನ್ನಾದರೂ ಹೋಲಿಸುತ್ತಾರೆ. ನಮ್ಮವನು ಹೋಲಿಸುವುದು ಆಬ್ಜೆಕ್ಟ್ ಓರಿಯೆಂಟೆಡ್ ಡೇಟಾಬೇಸುಗಳನ್ನು. ಹೆದರಬೇಡಿ. ನಾನು ಹಾವೇರಿಯಲ್ಲಿ ಔಷಧ ಅಂಗಡಿ ನಡೆಸುವವಳು. ನನಗೇ ಅರ್ಥವಾಗಿದೆ ಎಂದ ಮೇಲೆ ನಿಮಗೆ ಆಗದೇ ಇರುತ್ತದೆಯೇ?

ಮಾಮಾ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾನೆ. ಅವನನ್ನು 'ಕಲಿಸುತ್ತಾರೆ' ಎಂದು ಮರ್ಯಾದೆಯಿಂದ ಬರೆದು ನೋಡಿದೆ. ಯಾರೋ ಬೇರೆ ಮನುಷ್ಯ ಬಂದು ಕೂತಂತಾಯಿತು, ಹೊಡೆದುಹಾಕಿದೆ. ಕ್ಲಾಸಿನಲ್ಲಿ ಅವನು ಕಲಿಸಬೇಕಾದದ್ದು ಟೇಬಲ್ಲುಗಳ ಡೇಟಾಬೇಸು. ಜಗತ್ತೆಲ್ಲ ಅದರಲ್ಲೇ ನಡೆಯುತ್ತದೆ, ಪರೀಕ್ಷೆಗೂ ಅದೇ ಬರುತ್ತದೆ. ಮಾಮಾ ಅದನ್ನು ಸೋತ ಮುಖ ಹಾಕಿಕೊಂಡು ಕಲಿಸಿ ಮುಗಿಸುತ್ತಾನೆ. ಪೀರಿಯಡ್ಡಿನ ಕೊನೆಗೆ ಒಂದಿಷ್ಟು ಹೊತ್ತು ಉಳಿದರೆ ಮಾತ್ರ ಮುಖ ಅರಳುತ್ತದೆ. ಆಗ ಅವನು ತನ್ನ ಆಬ್ಜೆಕ್ಟುಗಳ ಕಥೆ ತೆಗೆಯುತ್ತಾನೆ, ಹುಡುಗರು ತಮ್ಮ ತಮ್ಮ ಮೊಬೈಲು ತೆಗೆಯುತ್ತಾರೆ.

ಈ ಕಥೆಯನ್ನು ಪೂರ್ತಿ ಕೇಳಿದ ಒಬ್ಬಳೇ ಒಬ್ಬ ಶ್ರೋತೃ ನಮ್ಮವ್ವ, ಅಂದರೆ ಅವನ ಅಕ್ಕ. ಅವಳು ರೊಟ್ಟಿ ಬಡಿಯುತ್ತಿದ್ದಳು, ಎದ್ದು ಹೋಗುವಂತಿರಲಿಲ್ಲ. ಮಾಮಾ ಒಲೆಯ ಪಕ್ಕ ಕೂತು ವಿವರಿಸಿದ. ಬೀಗರು ಮನೆಗೆ ಬಂದರೆ ಅವರ ರುಮಾಲು ಒಂದು ಕೋಣೆಯಲ್ಲಿ, ಅಂಗಿ ಇನ್ನೊಂದರಲ್ಲಿ, ಚಪ್ಪಲಿ ಮತ್ತೊಂದರಲ್ಲಿ ಇಟ್ಟು, ಅವರನ್ನು ನೋಡಬೇಕು ಅನ್ನಿಸಿದಾಗಲೆಲ್ಲ ಎಲ್ಲವನ್ನೂ ಹುಡುಕಿ ತಂದು ಕೂಡಿಸುವುದು ಟೇಬಲ್ಲಿನ ಪದ್ಧತಿಯಂತೆ. ಬೀಗರನ್ನು ರುಮಾಲು ಚಪ್ಪಲಿ ಸಮೇತ ಇಡಿಯಾಗಿ ಕೂರಿಸುವುದು ಆಬ್ಜೆಕ್ಟಿನ ಪದ್ಧತಿಯಂತೆ. ಅವ್ವ ರೊಟ್ಟಿ ಮಗುಚಿ ಹಾಕಿ ಅಂದಳು: "ಇಟ್ಟದ್ದು ಇಟ್ಟಂಗ ಇರಬೇಕು ಅಂತೀ. ಅದನ್ನ ನೀ ಸಣ್ಣಾಂವ ಇದ್ದಾಗಿಂದ ನಾ ಹೇಳಾಕತ್ತೇನಿ. ನಿನ್ನ ಹಸೀ ಟಾವೆಲ್ ಈಗೂ ನನ್ನ ಗಾದಿ ಮ್ಯಾಲೆ ಐತಿ."

ಸರಿ, ಒಂದು ಡೇಟಾಬೇಸಿನ ಮೇಲೆ ಪ್ರೀತಿ ಹುಟ್ಟಿದರೆ ಅದನ್ನು ಇಟ್ಟುಕೊಂಡು ಸುಖವಾಗಿರಬೇಕಲ್ಲವೇ? ಇಲ್ಲ, ಮಾಮಾನಿಗೆ ಸಿಕ್ಕದ್ದು ಮೂರು. ಯಾವುದು ಶ್ರೇಷ್ಠ ಎಂದು ವರ್ಷಗಟ್ಟಲೆ ತೂಗುತ್ತ ಬಂದ. ಅವುಗಳ ಇಂಗ್ಲಿಷ್ ಹೆಸರುಗಳು ನಮ್ಮ ನಾಲಗೆಗೆ ಒಗ್ಗದ್ದು ನೋಡಿ ಅವನೇ ಮರುನಾಮಕರಣ ಮಾಡಿದ. ಹುಟ್ಟಿದ್ದು ಬ್ಯಾಡಗಿಯಲ್ಲಿ, ಮಾರ್ಕೆಟ್ಟಿನ ಘಾಟು ಕುಡಿದು ಸೀನುತ್ತ ಬೆಳೆದವನು. ಹಾಗಾಗಿ ಒಂದಕ್ಕೆ ಡಬ್ಬಿ, ಇನ್ನೊಂದಕ್ಕೆ ಕಡ್ಡಿ, ಮೂರನೆಯದಕ್ಕೆ ಗುಂಟೂರು. ಮೂರೂ ಮೆಣಸಿನಕಾಯಿ ತಳಿಗಳು. ಡಬ್ಬಿ ದುಂಡಗೆ, ನಿಧಾನ, ಆದರೆ ಒಳ್ಳೆ ಬಣ್ಣ ಬಿಡುತ್ತದೆ. ಕಡ್ಡಿ ಹಗುರ, ಕಿಸೆಯಲ್ಲಿ ಇಟ್ಟುಕೊಂಡು ಹೋಗಬಹುದು. ಗುಂಟೂರು ಭಾರಿ ಚುರುಕು, ಆದರೆ ತಿರುಗಿಬಿದ್ದರೆ ಕಣ್ಣಲ್ಲಿ ನೀರು ತರಿಸುತ್ತದೆ. ಒಮ್ಮೆ ಬಸ್ಸಿನಲ್ಲಿ ಫೋನಿನ ಮೇಲೆ "ಗುಂಟೂರು ನಿನ್ನೆ ಪೂರ್ತಿ ಬಿದ್ದುಹೋತು, ಡಬ್ಬಿ ನಿಂತೇತಿ" ಎಂದು ಯಾರಿಗೋ ಹೇಳುತ್ತಿದ್ದನಂತೆ. ಪಕ್ಕದಲ್ಲಿದ್ದ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಗಾಬರಿಬಿದ್ದು ಮುಂದಿನ ಸ್ಟಾಪಿನಲ್ಲೇ ಇಳಿದು ಬ್ಯಾಡಗಿಯ ಬಸ್ಸು ಹತ್ತಿದರು.

ಪರೀಕ್ಷೆಗೆ ಸಾಮಾನು ಬೇಕಲ್ಲ, ಮಾಮಾ ನಮ್ಮ ಬಳಗವನ್ನೇ ಹಾಕಿದ. ಒಬ್ಬೊಬ್ಬ ಮನುಷ್ಯ ಒಂದೊಂದು ಆಬ್ಜೆಕ್ಟು. ಒಬ್ಬರಿಂದ ಒಬ್ಬರಿಗೆ ಸಂಬಂಧ. ಅದಕ್ಕೆ ಅವನ ಮಾತಿನಲ್ಲಿ 'ದಾರ'. ಅಣ್ಣನಿಂದ ತಮ್ಮನಿಗೊಂದು ದಾರ, ಗಂಡನಿಂದ ಹೆಂಡತಿಗೊಂದು ದಾರ. ಮೊದಲ ಪರೀಕ್ಷೆ ಬಳಗದ ಹಿರಿಯ, ಐರಣಿ ಊರಿನ ಅಜ್ಜನದು. ಗುಂಟೂರಿಗೆ ಐರಣಿ ಅಜ್ಜನನ್ನೊಬ್ಬನನ್ನೇ ಕರೆ ಎಂದರೆ, ಅದು ಅಜ್ಜನ ದಾರ ಹಿಡಿದು ಮಕ್ಕಳು, ಮೊಮ್ಮಕ್ಕಳು, ಅವರ ಬೀಗರು, ಬೀಗರ ಬೀಗರು ಎಲ್ಲರನ್ನೂ ಎಳೆದುಕೊಂಡು ಬಂತು. ಕಂಪ್ಯೂಟರು ಉಸಿರುಗಟ್ಟಿ ನಿಂತಿತು. ಇದರಲ್ಲಿ ದೋಷ ಏನಿದೆ ಎಂದು ನನಗೆ ತಿಳಿಯಲಿಲ್ಲ. ಐರಣಿ ಅಜ್ಜನನ್ನು ಒಂದು ಚಹಾಕ್ಕೆ ಕರೆದರೂ ಆಗುವುದು ಅದೇ.

ಕಡ್ಡಿಯದು ಬೇರೆ ಗುಣ. ಅದು ದಾರ ಹಿಡಿದು ಒಂದಷ್ಟು ದೂರ ಹೋಗಿ, ಅಲ್ಲಿಗೆ ಸಾಕು ಎಂದು ನಿಂತುಬಿಡುತ್ತದೆ. ಆಚೆಯವರ ಹೆಸರು ಕೇಳಿದರೆ ಖಾಲಿ. ಇದಾರೆಯೇ? ಇದಾರೆ. ಯಾರು? ಗೊತ್ತಿಲ್ಲ. ನಮ್ಮ ಶಹರದ ಚಿಕ್ಕಮ್ಮ ಮದುವೆಗಳಲ್ಲಿ ಊರ ಕಡೆಯವರನ್ನು ನೋಡುವುದು ಥೇಟ್ ಹೀಗೆಯೇ! ಇನ್ನೊಂದು ಸಲ ಮಾಮಾ, ತಪ್ಪಾಗಿ ಎರಡು ಸಲ ಸೇರಿಸಿದ್ದ ಕುಪ್ಪೇಲೂರಿನ ಕಾಕಾನನ್ನು ಒಂದು ಕಡೆ ಅಳಿಸಿದ. ಕಾಕಾನ ದಾರ ಹಿಡಿದು ಅವನ ಮಕ್ಕಳು ಮರಿಗಳೆಲ್ಲ ಅಳಿಸಿಹೋದರು. ಮಾಮಾ ಕಂಗಾಲಾಗಿ, ಎಲ್ಲರೂ ಸುಖವಾಗಿದ್ದಾರೆಯೇ ಎಂದು ಕುಪ್ಪೇಲೂರಿಗೆ ಫೋನು ಮಾಡಿ ವಿಚಾರಿಸಿದ. ಎಂದೂ ಮಾಡದವನು ಮಾಡಿದನಲ್ಲ ಎಂದು ಅವರು ಗಾಬರಿಯಾಗಿ, ಎಲ್ಲರೂ ಸುಖವಾಗಿದ್ದೀರಾ ಎಂದು ನಮಗೆ ಫೋನು ಮಾಡಿದರು.

ಹೀಗಿರುವಾಗ ನಮ್ಮಣ್ಣನೂ ಮಾಮಾನ ಮಗಳೂ ಮದುವೆಯಾಗುತ್ತೇವೆ ಎಂದು ಒಂದು ದಿನ ಬಾಯಿಬಿಟ್ಟರು. ಅಣ್ಣ ಕುಮಾರಪಟ್ಟಣದಲ್ಲಿ ಕೆಲಸಕ್ಕಿದ್ದಾನೆ, ಅವಳು ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ. ನಮ್ಮಲ್ಲಿ ಸೋದರಮಾವನ ಮಗಳನ್ನು ತರುವುದು ಹೊಸದೇನಲ್ಲ. ಅವ್ವನಿಗೆ ಹಿಗ್ಗೋ ಹಿಗ್ಗು. ನಾನು ಔಷಧ ಅಂಗಡಿಯವಳ ಬುದ್ಧಿ ಬಿಡದೆ ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪರೀಕ್ಷೆಗಳಾದವು, ಅವರು ಆಗಬಹುದು ಎಂದರು. ಆದರೆ ಮಾಮಾ ಮಾತ್ರ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ದಿನಗಳು ಕಳೆದವು. ತಮ್ಮನಿಗೆ ಮನಸ್ಸಿಲ್ಲ ಎಂದು ಅವ್ವ ಊಟ ಕಡಿಮೆ ಮಾಡಿದಳು. ಕೊನೆಗೆ ತಿಳಿದದ್ದು ಇಷ್ಟು: ನಾನು ಡಾಕ್ಟರನ್ನು ಕೇಳಿದ ಹಾಗೆ ಅವನು ಡೇಟಾಬೇಸುಗಳನ್ನು ಕೇಳುತ್ತಿದ್ದ. ಈ ಮದುವೆಯಾದರೆ ಅಕ್ಕನಿಂದ ಹೊರಟ ದಾರ ತಮ್ಮನನ್ನು ಮುಟ್ಟಿ, ಮಗಳನ್ನು ಮುಟ್ಟಿ, ಅಳಿಯನನ್ನು ಮುಟ್ಟಿ, ತಿರುಗಿ ಅಕ್ಕನಿಗೇ ಬರುತ್ತದೆ. ಈ ಸುತ್ತಿನಲ್ಲಿ ಗುಂಟೂರು ತಿರುಗುತ್ತಲೇ ಉಳಿಯಿತು, ಕಡ್ಡಿ ಅರ್ಧಕ್ಕೆ ಕೈಬಿಟ್ಟಿತು. ಒಂದು ಮುಂಜಾನೆ ಮಾಮಾ ಫೋನು ಮಾಡಿ, "ಅಕ್ಕಾ, ಡಬ್ಬಿ ಒಪ್ಪಿಗಿ ಕೊಟ್ಟೇತಿ" ಅಂದ. ಪ್ರಪಂಚದಲ್ಲಿ ಹೀಗೆ ಗಟ್ಟಿಯಾದ ಮದುವೆ ಇದೊಂದೇ ಇರಬೇಕು.

ಹೋಲಿಕೆ ಅಲ್ಲಿಗೆ ಮುಗಿಯಿತು, ಗೆದ್ದದ್ದು ಡಬ್ಬಿ. ಗೆದ್ದವರಿಗೆ ಕೆಲಸ ಕೊಡಬೇಡವೇ? ಮಾಮಾ ಆಯೇರಿ ಕೆಲಸ ಕೊಟ್ಟ.

ಆಯೇರಿ ಎಂದರೆ ಮದುವೆಯಲ್ಲಿ ಬಳಗದವರಿಗೆ ಕೊಡುವ ಬಟ್ಟೆ. ಕೇಳಲು ಎಷ್ಟು ಸರಳ! ಯಾರಿಗೆ ಸೀರೆ, ಯಾರಿಗೆ ಬರೀ ಕುಬಸದ ಕಣ (ರವಿಕೆ ಬಟ್ಟೆ), ಯಾರಿಗೆ ಪಂಚೆ ಎಂಬುದರಲ್ಲಿ ಒಂದು ಕೂದಲು ತಪ್ಪಿದರೂ ಎರಡು ತಲೆಮಾರು ಮಾತು ಬಿಡುತ್ತವೆ. ಬ್ಯಾಡಗಿಯ ದೊಡ್ಡಮ್ಮ ಎರಡು ಕಡೆಯಿಂದಲೂ ಸಂಬಂಧ, ಹಾಗಾಗಿ ಪ್ರತಿ ಮದುವೆಯಲ್ಲೂ ಎರಡು ಸೀರೆ ಒಯ್ದು ಸುಮ್ಮನಿರುತ್ತಿದ್ದಳು. ಇನ್ನು ಹಾಗಾಗದು ಎಂದ ಮಾಮಾ. ಡಬ್ಬಿಯಲ್ಲಿ ಮನುಷ್ಯ ಒಬ್ಬನೇ, ದಾರ ಎಷ್ಟಿದ್ದರೂ ಸರಿ. ಒಬ್ಬರಿಗೆ ಒಂದು ಚೀಲ. ಎರಡು ಸಂಬಂಧ ಇದ್ದರೆ ದೊಡ್ಡ ಮರ್ಯಾದೆಯದು ಯಾವುದೋ ಆ ಲೆಕ್ಕದ ಬಟ್ಟೆ.

ಮದುವೆಗೆ ವಾರ ಮೊದಲು, ಕುಬಸ ಹೊಲಿಸಿಕೊಳ್ಳಲು ಸಮಯ ಸಿಗಲಿ ಎಂದು ಮಾಮಾನೂ ಅತ್ತೆಯೂ ಕಾರಿನ ತುಂಬ ಚೀಲ ಹೇರಿಕೊಂಡು ಹಾವೇರಿಗೆ ನಮ್ಮ ಮನೆಗೆ ಬಂದರು. ಬಳಗ ನೆರೆದಿತ್ತು. ಒಬ್ಬೊಬ್ಬರ ಹೆಸರು ಓದಿದಂತೆ ಚೀಲ ಹೊರಬಂತು. ಒಬ್ಬರೂ ತಪ್ಪಲಿಲ್ಲ, ಒಂದೂ ಹೆಚ್ಚಾಗಲಿಲ್ಲ. ನಮ್ಮ ವಂಶದ ಇತಿಹಾಸದಲ್ಲಿ ಇಂಥದ್ದು ನಡೆದಿರಲಿಲ್ಲ! ದೊಡ್ಡಮ್ಮ ಒಂದೇ ಸೀರೆ ಹಿಡಿದು ಎಂದಿನಂತೆ ಸುಮ್ಮನಿದ್ದಳು, ಈ ಸಲದ ಸುಮ್ಮನೆ ಬೇರೆ ಥರದ್ದು. ಮಾಮಾ ಎದೆಯುಬ್ಬಿಸಿ ನಿಂತಿದ್ದ.

ಕೊನೆಯ ಚೀಲ ಅವ್ವನದು. ಒಳಗೆ ಹಸಿರು ರೇಷ್ಮೆ ಸೀರೆ, ಎಲ್ಲಕ್ಕಿಂತ ಭಾರಿ. ಚೀಲದ ಮೇಲಿನ ಚೀಟಿಯಲ್ಲಿ ಅವ್ವನ ಹೆಸರು, ಕೆಳಗೆ 'ಬೀಗತಿ'. ಅವ್ವ ಸೀರೆ ಸವರಿ ನೋಡಿದಳು, ತೊಡೆಯ ಮೇಲಿಟ್ಟುಕೊಂಡಳು, ಮತ್ತೆ ಮಾಮಾನ ಕೈ ನೋಡಿದಳು. ಕೈ ಖಾಲಿ ಇತ್ತು.

"ಅಕ್ಕಂದು?" ಎಂದು ಕೇಳಿದಳು.

ಮಾಮಾ ಖುಷಿಯಿಂದಲೇ ವಿವರಿಸಿದ. ಅಕ್ಕನೂ ನೀನೇ, ಬೀಗತಿಯೂ ನೀನೇ, ಮನುಷ್ಯಳು ಒಬ್ಬಳೇ, ಎರಡರಲ್ಲಿ ಬೀಗತಿಯದು ದೊಡ್ಡ ಮರ್ಯಾದೆ, ಅದಕ್ಕೇ ಎಲ್ಲಕ್ಕಿಂತ ಚಲೋ ಸೀರೆ ನಿನ್ನದು ಎಂದ. ಅತ್ತೆ ಹಿಂದಿನಿಂದ ಅವನ ಅಂಗಿ ಜಗ್ಗುತ್ತಿದ್ದಳು. ಹೊಸ ವಿಷಯ ವಿವರಿಸುವಾಗ ಅಂಗಿ ಜಗ್ಗಿದರೆ ಮಾಮಾನಿಗೆ ತಿಳಿಯುವುದಿಲ್ಲ.

ಅವ್ವ ಎಲ್ಲ ಕೇಳಿ, ಸೀರೆಯನ್ನು ಮಡಿಕೆ ಕೆಡದಂತೆ ಚೀಲಕ್ಕೆ ಹಾಕಿ ಎದ್ದಳು. "ಕುಂದ್ರಿ ಬೀಗರ. ಚಾ ತರತೇನಿ," ಅಂದಳು.

ಮಾಮಾನ ಮುಖ ನೋಡಬೇಕಿತ್ತು. ಹುಟ್ಟಿದಾರಭ್ಯ ಆ ಬಾಯಿಂದ ಅವನಿಗೆ ಬಂದದ್ದು ಲೇ, ಹುಚ್ಚಪ್ಪಾ, ಬಾ, ತಿನ್ನು, ಮಲಕ್ಕೋ. ಅದಕ್ಕೆ ಕಾರಣವಿದೆ, ಇಲ್ಲಿ ಹೇಳಿಬಿಡುತ್ತೇನೆ. ಅವರ ತಾಯಿ ತೀರಿಹೋದಾಗ ಮಾಮಾ ಇನ್ನೂ ತೆವಳುವ ಕೂಸು, ಅವ್ವ ಲಂಗ ತೊಡುವ ಹುಡುಗಿ. ಆ ಕೂಸನ್ನು ಟೊಂಕದ ಮೇಲೆ ಹೊತ್ತುಕೊಂಡೇ ಅವಳು ಅಡಿಗೆ ಕಲಿತಳು, ಅದಕ್ಕಾಗಿಯೇ ಶಾಲೆ ಬಿಟ್ಟಳು. ಮದುವೆಯಾಗಿ ಹಾವೇರಿಗೆ ಬರುವಾಗ ತಮ್ಮನನ್ನೂ ಜೊತೆಗೇ ತಂದಳು, ಇಲ್ಲೇ ಓದಿಸಿದಳು. ಅವರ ತಂದೆಯೂ ಹೋದ ಮೇಲೆ ಬ್ಯಾಡಗಿಯ ಬಾಡಿಗೆ ಮನೆಗೆ ಬೇರೆ ಯಾರೋ ಬಂದರು. ಹೀಗಾಗಿ ಅವ್ವನಿಗೆ ತವರು ಎಂದರೆ ಒಂದು ಊರಲ್ಲ, ಮನೆಯಲ್ಲ, ಮಾಮಾ. ಪ್ರತಿ ಹಬ್ಬಕ್ಕೂ ಅವನು ತರುವ ಸಾದಾ ನೂಲಿನ ಸೀರೆಯನ್ನು ಅವಳು ಓಣಿಗೆಲ್ಲ ತೋರಿಸಿ, ನಮ್ಮ ತವರಿನದು ಎಂದು ಹೇಳಿಕೊಂಡು ಬರುತ್ತಿದ್ದಳು. ಭಾರಿ ರೇಷ್ಮೆ ಯಾರಿಗೆ ಬೇಕಾಗಿತ್ತು? ಬೀಗತಿಗೆ ಎಲ್ಲರೂ ಕೊಡುತ್ತಾರೆ. ಅಕ್ಕನಿಗೆ ಕೊಡುವವನು ಇವನೊಬ್ಬನೇ.

ಅವತ್ತಿನಿಂದ ಅವ್ವ ಅವನಿಗೆ ಫೋನು ಮಾಡುವುದನ್ನು ನಿಲ್ಲಿಸಿದಳು. ಅವನೇ ಮಾಡಿದರೆ "ಆರಾಮ ಅದೀವ್ರಿ, ನೀವು ಆರಾಮ ಅದೀರಿ?" ಎಂದು ಕೇಳಿ ನನಗೆ ಕೊಡುತ್ತಿದ್ದಳು. ಅತ್ತೆ ಗಡಿಬಿಡಿಯಿಂದ ಒಂದು ನೂಲಿನ ಸೀರೆ ಕೊಂಡು ಕಳಿಸಿದಳು. ಅವ್ವ ಅದನ್ನು ಬಿಚ್ಚಲೂ ಇಲ್ಲ. ಕೇಳಿ ಪಡೆದದ್ದು ತವರಿನ ಸೀರೆ ಹೇಗಾಗುತ್ತದೆ ಎಂದು ನನ್ನನ್ನೇ ಕೇಳಿದಳು. ಮಗಳನ್ನು ಕೊಟ್ಟು ತಮ್ಮ ನನ್ನನ್ನು ಹೊರಗಿನವಳನ್ನಾಗಿ ಮಾಡಿದ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮದುವೆ ಮನೆಯ ಹಿಗ್ಗೆಲ್ಲ ಅವಳಿಂದ ಸೋರಿಹೋಗಿತ್ತು.

ಮಾಮಾ ಒಂದು ಮಧ್ಯಾಹ್ನ ರಾಣೆಬೆನ್ನೂರಿನಿಂದ ನೇರ ನನ್ನ ಅಂಗಡಿಗೆ ಬಂದ. ಗಡ್ಡ ಬೋಳಿಸಿರಲಿಲ್ಲ. ಗಿರಾಕಿಗಳು ಅವನನ್ನು ರೋಗಿಯೆಂದೇ ತಿಳಿದು ಮುಂದೆ ಬಿಟ್ಟರು. ನಾನು ಅವನಿಗೆ ಸುಲಭದ ದಾರಿ ತೋರಿಸಿದೆ: ನಿನ್ನ ಡಬ್ಬಿಯಲ್ಲಿ ಅವ್ವನನ್ನು ಎರಡು ಸಲ ಹಾಕು, ಒಂದು ಅಕ್ಕ, ಒಂದು ಬೀಗತಿ, ಎರಡು ಚೀಲ ಬರುತ್ತವೆ, ಅವ್ವನ ಕೈಹಿಡಿದು ತಪ್ಪಾಯಿತು ಅನ್ನು.

ಮಾಮಾ ಕೆಮ್ಮಿನ ಔಷಧದ ಬಾಟಲಿ ತಿರುಗಿಸುತ್ತ ಕೂತ. "ಅದನ್ನ ಮಾಡಿ ನೋಡಿದೆ," ಅಂದ. "ಬೀಗತಿ ಅಂತ ಇನ್ನೊಬ್ಬಾಕಿನ್ನ ಮಾಡಿದೆ. ಆಕಿಗೆ ನನ್ನಿಂದ ಒಂದ ದಾರ ಇತ್ತು. ನನ್ನ ಎತ್ತಿ ಆಡಿಸಿದಾಕಿ ಅಲ್ಲ ಆಕಿ, ನನಗ ಉಣಿಸಿದಾಕಿ ಅಲ್ಲ. ಅಂಥಾಕಿ ಮನಿಗೆ ನನ್ನ ಮಗಳ್ನ ಹೆಂಗ ಕಳಸಲಿ? ನಾ ಕೊಡಾಕತ್ತಿದ್ದು ಅಕ್ಕನ ಮನಿಗೆ. ಅಳಿಸಿ ಬಂದೆ."

ಅಕ್ಕನಾಗಿ ಉಳಿಯಬೇಕು ಎಂದು ಅವಳಿಗೆ ಹಟ, ಅಕ್ಕನನ್ನು ಎರಡು ಮಾಡಲಾರೆ ಎಂದು ಇವನಿಗೆ ಹಟ. ಇಬ್ಬರೂ ಹೇಳುತ್ತಿದ್ದುದು ಒಂದೇ ಮಾತು, ಒಬ್ಬರಿಗೊಬ್ಬರು ಮಾತ್ರ ಹೇಳುತ್ತಿರಲಿಲ್ಲ. ಮನೆಗೆ ಬಾ, ಇದನ್ನೇ ಅವ್ವನ ಮುಂದೆ ಹೇಳು ಎಂದು ಬೇಡಿಕೊಂಡೆ. ಬೀಗರು ಕರೆಯದೆ ಗಂಡಿನ ಮನೆಗೆ ಬರಬಾರದಂತೆ ಎಂದು ಮಾಮಾ ಬಸ್‌ಸ್ಟ್ಯಾಂಡಿನ ಕಡೆ ನಡೆದ. ನಾನು ಅದನ್ನು ಅವ್ವನಿಗೆ ಹೇಳಲು ಹೋದೆ. ಡಬ್ಬಿ ಎಂಬ ಶಬ್ದ ಬಾಯಿಗೆ ಬಂದದ್ದೇ ತಡ, ಅವಳು ಕಿವಿ ಮುಚ್ಚಿಕೊಂಡು ಒಳಗೆ ಹೋದಳು.

ಮದುವೆ ರಾಣೆಬೆನ್ನೂರಿನಲ್ಲಿ. ಗಂಡಿನ ತಾಯಿ ಎಂದರೆ ಉಪ್ಪಿಟ್ಟಿಗೆ ಉಪ್ಪಿಲ್ಲ, ಕೋಣೆಗೆ ಫ್ಯಾನಿಲ್ಲ ಎಂದು ನಾಲ್ಕು ಕೊರತೆಯಾದರೂ ಎತ್ತಬೇಕು. ಅದು ಬೀಗತಿಯ ಹಕ್ಕು. ನಮ್ಮವ್ವ ಆ ಹಸಿರು ರೇಷ್ಮೆ ಉಟ್ಟು ಮುಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ಹೊಗಳಿದಳು. ಉಪ್ಪಿಟ್ಟು ಚಲೋ ಆಗೇತ್ರಿ, ಕೋಣಿ ತಂಪದಾವ್ರಿ, ನಿಮಗ ಭಾಳ ತ್ರಾಸಾತ್ರಿ! ಒಂದೊಂದು ಹೊಗಳಿಕೆಗೂ ಮಾಮಾ ಒಂದೊಂದು ಇಂಚು ಕುಗ್ಗಿದ. ಅವಳು ಎದ್ದು ನಿಂತು ಬೈದಿದ್ದರೆ ಅವನು ಕುಣಿದುಬಿಡುತ್ತಿದ್ದ. ಅಕ್ಷತೆ ಬಿತ್ತು, ಊಟವಾಯಿತು, ಎಲ್ಲ ಸುಸೂತ್ರ. ಇಷ್ಟು ಸುಸೂತ್ರವಾದ, ಇಷ್ಟು ದುಃಖದ ಮದುವೆಯನ್ನು ನಾನು ನೋಡಿರಲಿಲ್ಲ.

ಕೊನೆಗೆ ಹೆಣ್ಣೊಪ್ಪಿಸುವ ಶಾಸ್ತ್ರ. ಅವ್ವ ಜಮಖಾನದ ಮೇಲೆ ಸೆರಗು ಹರವಿ ಕೂತಳು. ಮದುಮಗಳು ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಹೆಣ್ಣಿನ ತಂದೆ ಮಗಳ ಕೈಯನ್ನು ಗಂಡಿನ ತಾಯಿಯ ಉಡಿಯಲ್ಲಿಟ್ಟು, ಇಷ್ಟು ದಿನ ನಮ್ಮ ಮಗಳು, ಇನ್ನು ನಿಮ್ಮ ಮಗಳು, ತಪ್ಪಿದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ ಎಂದು ಬೇಡಿಕೊಳ್ಳಬೇಕು. ಅತ್ತೆ ಆ ಮಾತನ್ನು ಅವನಿಗೆ ಮುಂಜಾನೆಯಿಂದ ಬಾಯಿಪಾಠ ಮಾಡಿಸಿದ್ದಳು. ಐರಣಿಯ ಅಜ್ಜ, "ಹೂಂ, ಬೀಗರ ಉಡಿಯಾಗ ಕೈ ಇಟ್ಟು ಹೇಳಪಾ" ಅಂದರು.

ಮಾಮಾ ಮಂಡಿಯೂರಿ ಕೂತು ಮಗಳ ಕೈ ಹಿಡಿದ. "ಇಷ್ಟು ದಿನ" ಅಂದು ನಿಂತ. ಮತ್ತೆ "ಇಷ್ಟು ದಿನ" ಅಂದ.

ಆಮೇಲೆ, ಮಂಟಪದಲ್ಲಿದ್ದ ಎಲ್ಲರಿಗೂ ಕೇಳುವಂತೆ ಅಂದ: "ಅಕ್ಕಾ, ನಾ ನಿನ್ನ ಬೀಗ ಆಗಾಂಗಿಲ್ಲ."

ಜನ ದಂಗಾದರು. ತಾಳಿ ಕಟ್ಟಿಯಾದ ಮೇಲೆ ಹೆಣ್ಣಿನ ತಂದೆ ಹೀಗೆ ಅನ್ನುವುದುಂಟೇ? ಅಣ್ಣ ಬಾಸಿಂಗ ಹಿಡಿದುಕೊಂಡು ಎದ್ದೇ ನಿಂತ. ಮಾಮಾ ಯಾರನ್ನೂ ನೋಡಲಿಲ್ಲ. ಅರ್ಧ ತಲೆ ಬೆಳ್ಳಗಾದ ಆ ಮೇಷ್ಟ್ರು, ಮಗಳ ಕೈ ಇಡಬೇಕಾದ ಉಡಿಯಲ್ಲಿ ತನ್ನ ತಲೆಯನ್ನೇ ಇಟ್ಟುಬಿಟ್ಟ. "ನಾ ನಿನ್ನ ತಮ್ಮನ ಇರತೇನಿ. ನನ್ನ ಹೊರಗ ಹಾಕಬ್ಯಾಡ," ಅಂದ. ರೇಷ್ಮೆ ಸೀರೆಯ ಮಡಿಲಲ್ಲಿ ಮುಖ ಹುದುಗಿಸಿ ಕೂಸಿನಂತೆ ಅತ್ತ.

ಅವ್ವನ ಕೈ ಗಾಳಿಯಲ್ಲಿ ನಿಂತಿತ್ತು. ಎಲ್ಲಿಡಬೇಕು ಎಂದು ಅದಕ್ಕೆ ತಿಳಿಯದಂತಿತ್ತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಅದು ಮೆಲ್ಲಗೆ ಇಳಿದು ಅವನ ಕೂದಲಲ್ಲಿ ಸೇರಿತು.

"ಹುಚ್ಚಪ್ಪಾ," ಅಂದಳು ಅವ್ವ. ವಾರದ ಮೇಲೆ ಬಂದ ಆ ಮಾತಿಗೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. "ನಿನ್ನ ಬೆಳಸಿದ ಉಡಿಗೆ ನಿನ್ನ ಮಗಳು ಭಾರ ಅಕ್ಕಾಳೇನು? ಏಳ. ಮಂದಿ ನೋಡಾಕತ್ತಾರ."

ಮದುಮಗಳು ಅಳುತ್ತಲೇ ನಕ್ಕು, ಉಡಿಯ ಇನ್ನೊಂದು ಬದಿಗೆ ತಾನೂ ತಲೆ ಇಟ್ಟಳು. ಏಳು ಎಂದಳೇ ಹೊರತು, ಅವ್ವ ತಮ್ಮನ ತಲೆಯ ಮೇಲಿನ ಕೈ ತೆಗೆಯಲಿಲ್ಲ.